ಹವಾಮಾನದ ಹೊರೆಗೆ ಹೆಗಲು ಕೊಡುವವರು ಯಾರು?

ಹವಾಮಾನ ಬದಲಾಗುತ್ತಿದೆಯೇ ಇಲ್ಲವೇ ಎಂದು ನಮ್ಮ ಬೆಳೆಗಾರ ಬಂಧುಗಳಿಗೆ ಯಾರೂ ಪಾಠ ಹೇಳಬೇಕಾಗಿಲ್ಲ. ಇಂಚಿನ ಮೇಲೆ ಬೀಳಬೇಕಾದ ಹೂಮಳೆ ಇಪ್ಪತ್ತು ಸೆಂಟಿಗೆ ನಿಂತು ಕಾಫಿ ಮೊಗ್ಗು ಅರ್ಧಂಬರ್ಧ ಅರಳಿದ ವರ್ಷಗಳು, ಕಣದಲ್ಲಿ ಹಣ್ಣು ಹರಡಿದ ಮೇಲೆ ಅಕಾಲದ ಮಳೆ ಸುರಿದ ವರ್ಷಗಳು, ಎರಡನೆಯ ಬೋರ್ಡೋ ಸಿಂಪಡಣೆಗೆ ಎರಡು ದಿನದ ಬಿಸಿಲೂ ಸಿಗದೆ ಅಡಿಕೆ ಕೊಳೆತು ಉದುರಿದ ವರ್ಷಗಳು ಎಲ್ಲರ ನೆನಪಿನಲ್ಲಿವೆ. 2018ರ ಆಗಸ್ಟಿನಲ್ಲಿ ಕೊಡಗಿನ ಗುಡ್ಡಗಳು ತೋಟ ಸಮೇತ ಜಾರಿದವು. 2023ರಲ್ಲಿ ಮುಂಗಾರು ಕೈಕೊಟ್ಟು, ರಾಜ್ಯದ 236 ತಾಲ್ಲೂಕುಗಳ ಪೈಕಿ 223 ಬರಪೀಡಿತವೆಂದು ಸಾರಲ್ಪಟ್ಟವು. ಮರುವರ್ಷ ಜುಲೈ 30ರ ನಸುಕಿನಲ್ಲಿ ನೆರೆಯ ವಯನಾಡಿನ ಮುಂಡಕ್ಕೈ, ಚೂರಲ್‌ಮಲ ಪ್ರದೇಶದಲ್ಲಿ ಗುಡ್ಡ ಕುಸಿದು ಇನ್ನೂರೈವತ್ತಕ್ಕೂ ಹೆಚ್ಚು ಜನ ಪ್ರಾಣ ಕಳೆದುಕೊಂಡರು.

ಆದಕಾರಣ ಈ ಸಂಚಿಕೆಯಲ್ಲಿ ಹವೆಯ ವಿಜ್ಞಾನವನ್ನು ಬಿಟ್ಟು ಹಣದ ವಿಚಾರವನ್ನು ಎತ್ತಿಕೊಂಡಿದ್ದೇವೆ. ಬಸಿಗಾಲುವೆ ತೆಗೆಯಲು, ಇಳಿಜಾರಿನ ಧರೆಗೆ ತಡೆ ಕಟ್ಟಲು, ಊರೂರಿಗೆ ಮಳೆಮಾಪಕ ಇಡಲು, ನೆರಳಿನ ಮರದ ಸಸಿ ಬೆಳೆಸಲು, ಕಲ್ಲಿದ್ದಲು ಬಿಟ್ಟು ಬಿಸಿಲಿನಿಂದ ವಿದ್ಯುತ್ ತೆಗೆಯಲು, ಎಲ್ಲಕ್ಕೂ ಹಣ ಬೇಕು, ಜನಬಲ ಬೇಕು. ಇದನ್ನು ಕೊಡಲು ಸಮಾಜ ಸಿದ್ಧವಿದೆಯೇ? ಸಿದ್ಧವಿದ್ದರೆ ಹಣ ಏಕೆ ಕೂಡಿಬರುತ್ತಿಲ್ಲ? ಈ ಪ್ರಶ್ನೆಗೂ ಬರಲಿರುವ ನಮ್ಮ ಮಹಾಸಭೆಗೂ ಸಂಬಂಧವಿದೆ. ಅದನ್ನು ಕೊನೆಯಲ್ಲಿ ತಿಳಿಸುತ್ತೇವೆ.

ಹಾಲಿನ ಕೊಳದ ಕಥೆ

ಅರಸನೊಬ್ಬ ಕೊಳ ಕಟ್ಟಿಸಿ, ರಾತ್ರಿ ಮನೆಗೊಂದು ಚೊಂಬು ಹಾಲು ತಂದು ಸುರಿಯಬೇಕೆಂದು ಡಂಗುರ ಹೊಡೆಸಿದ ಕಥೆಯನ್ನು ನಾವೆಲ್ಲ ಚಿಕ್ಕಂದಿನಲ್ಲಿ ಕೇಳಿದ್ದೇವೆ. ಊರೆಲ್ಲ ಹಾಲು ಸುರಿಯುವಾಗ ನನ್ನದೊಂದು ಚೊಂಬು ನೀರು ಯಾರಿಗೆ ಗೊತ್ತಾದೀತು ಎಂದು ಪ್ರತಿಯೊಬ್ಬನೂ ಎಣಿಸಿದ. ಬೆಳಗಾದಾಗ ಕೊಳದ ತುಂಬ ನೀರೇ ಇತ್ತು.

ಹವಾಮಾನದ ವಿಷಯದಲ್ಲಿ ಜನರ ಮನಸ್ಸು ಹೀಗೆಯೇ ಇದೆಯೆಂದು ಬಹುಕಾಲ ಎಲ್ಲರೂ ನಂಬಿದ್ದರು. ಆದರೆ 2024ರಲ್ಲಿ 'ನೇಚರ್ ಕ್ಲೈಮೇಟ್ ಚೇಂಜ್' ಎಂಬ ವಿಜ್ಞಾನ ಪತ್ರಿಕೆಯಲ್ಲಿ ಪ್ರಕಟವಾದ ಒಂದು ದೊಡ್ಡ ಸಮೀಕ್ಷೆ ಬೇರೆಯೇ ಚಿತ್ರವನ್ನು ಕೊಟ್ಟಿತು. 125 ದೇಶಗಳ ಸುಮಾರು 1 ಲಕ್ಷ 30 ಸಾವಿರ ಜನರನ್ನು ಅದರಲ್ಲಿ ವಿಚಾರಿಸಲಾಗಿತ್ತು. ಭೂಮಿಯ ತಾಪ ಏರುವುದನ್ನು ತಡೆಯಲು ನಿಮ್ಮ ತಿಂಗಳ ಆದಾಯದಲ್ಲಿ ನೂರಕ್ಕೊಂದು ಪಾಲು ಕೊಡುತ್ತೀರಾ ಎಂಬುದು ಒಂದು ಪ್ರಶ್ನೆ. ಶೇಕಡಾ 69 ಮಂದಿ ಕೊಡುತ್ತೇವೆ ಎಂದರು. ನಿಮ್ಮ ದೇಶದಲ್ಲಿ ನೂರಕ್ಕೆ ಎಷ್ಟು ಜನ ಹೀಗೆ ಕೊಟ್ಟಾರು ಎಂಬುದು ಇನ್ನೊಂದು ಪ್ರಶ್ನೆ. ಜನರು ಹೇಳಿದ ಅಂದಾಜಿನ ಸರಾಸರಿ 43 ಮಾತ್ರ!

ಈ ಎರಡು ಅಂಕಿಗಳ ನಡುವಣ ಅಂತರವೇ ಇಡೀ ಸಮಸ್ಯೆಯ ತಿರುಳು ಎಂದು ನಮಗೆ ತೋರುತ್ತದೆ. ಹಾಲು ಸುರಿಯಲು ಮನಸ್ಸಿದ್ದವರು ನೂರಕ್ಕೆ ಅರುವತ್ತೊಂಬತ್ತು ಮಂದಿ ಇದ್ದಾರೆ. ಆದರೆ ಉಳಿದವರು ನೀರು ಸುರಿಯುತ್ತಾರೆಂಬ ಗುಮಾನಿಯಿಂದ ಚೊಂಬು ಹಿಡಿದು ಮನೆಯೊಳಗೇ ನಿಂತಿದ್ದಾರೆ. ಕೊಡುವ ಮನಸ್ಸಿಗಿಂತ ಕೊಡುವವರ ಮೇಲಿನ ನಂಬಿಕೆ ಕಡಿಮೆಯಾಗಿದೆ. ಹವಾಮಾನದ ಪೆಟ್ಟಿಗೆ ಹೆಚ್ಚು ಸಿಲುಕಬಹುದಾದ ದೇಶಗಳಲ್ಲಿ ಕೊಡುವ ಮನಸ್ಸು ಇನ್ನೂ ಹೆಚ್ಚು ಎಂಬುದನ್ನೂ ಆ ಸಮೀಕ್ಷೆ ಹೇಳಿತು. ಬಡವನಿಗೆ ಈ ವಿಚಾರದ ಗೊಡವೆ ಇಲ್ಲ ಎನ್ನುವವರು ಇದನ್ನು ಗಮನಿಸಬೇಕು.

ಒಂದೇ ಜನ, ಎರಡು ತೀರ್ಪು

ಬಾಯಲ್ಲಿ ಕೊಡುತ್ತೇನೆನ್ನುವುದು ಬೇರೆ, ಜೇಬಿಗೆ ಕೈ ಹಾಕುವುದು ಬೇರೆ ಎಂದು ಕೆಲವರು ಕೇಳಬಹುದು. ಕೇಳತಕ್ಕ ಮಾತೇ. ಅದಕ್ಕೆ ಸ್ವಿಟ್ಜರ್ಲೆಂಡಿನ ಉದಾಹರಣೆ ನೋಡೋಣ. ಅದೂ ನಮ್ಮಂತೆ ಗುಡ್ಡಗಾಡಿನ, ಸಣ್ಣ ಹಿಡುವಳಿಗಳ ಸೀಮೆ. ಅಲ್ಲಿ ಮುಖ್ಯ ಕಾನೂನುಗಳನ್ನು ಜನರೇ ಮತ ಹಾಕಿ ತೀರ್ಮಾನಿಸುವ ಪದ್ಧತಿ ಇದೆ.

2021ರ ಜೂನ್ 13ರಂದು ಅಲ್ಲಿನ ಇಂಗಾಲಾಮ್ಲ ಕಾನೂನು ಜನರ ಮುಂದೆ ಬಂದಿತು. ಪೆಟ್ರೋಲಿನ ಮೇಲೆ ಲೀಟರಿಗೆ 12 ಸೆಂಟೈಮಿನವರೆಗೆ ಹೆಚ್ಚಳ, ವಿಮಾನ ಟಿಕೇಟಿಗೆ 30ರಿಂದ 120 ಫ್ರಾಂಕಿನವರೆಗೆ ತೆರಿಗೆ ಅದರಲ್ಲಿದ್ದವು. ಶೇಕಡಾ 51.6 ಮಂದಿ ಬೇಡವೆಂದರು. ಅದೇ ದಿನ ಕೀಟನಾಶಕಗಳ ವಿರುದ್ಧದ ಎರಡು ಪ್ರಸ್ತಾಪಗಳೂ ಮತಕ್ಕಿದ್ದುದರಿಂದ ಹಳ್ಳಿಯ ರೈತರು ಹಿಂಡುಹಿಂಡಾಗಿ ಮತಗಟ್ಟೆಗೆ ಬಂದಿದ್ದರು. ಬಸ್ಸು ಕಾಣದ ಗುಡ್ಡದ ಮನೆಯವನು ವಾಹನ ಬಿಟ್ಟು ಹೇಗೆ ಬದುಕಬೇಕೆಂಬುದು ಅವರ ಪ್ರಶ್ನೆ.

ಎರಡು ವರ್ಷ ಕಳೆದು, 2023ರ ಜೂನ್ 18ರಂದು, ಬೇರೊಂದು ಹವಾಮಾನ ಕಾನೂನು ಅದೇ ಜನರ ಮುಂದೆ ಬಂದಿತು. 2050ರೊಳಗೆ ಇಂಗಾಲದ ಹೊರೆಯನ್ನು ನಿವ್ವಳ ಸೊನ್ನೆಗೆ ಇಳಿಸುವ ಗುರಿ ಅದರಲ್ಲಿತ್ತು. ಆದರೆ ಹೊಸ ತೆರಿಗೆ ಇರಲಿಲ್ಲ. ಹಳೆಯ ಎಣ್ಣೆ ಮತ್ತು ಅನಿಲದ ಒಲೆಗಳನ್ನು ಬದಲಿಸುವ ಮನೆಯವರಿಗೆ ಹತ್ತು ವರ್ಷಗಳಲ್ಲಿ 200 ಕೋಟಿ ಫ್ರಾಂಕ್, ಹೊಸ ತಂತ್ರ ಅಳವಡಿಸುವ ಉದ್ಯಮಗಳಿಗೆ 120 ಕೋಟಿ ಫ್ರಾಂಕ್ ನೆರವು ಇತ್ತು. ಈ ಹಣವೂ ಜನರ ಬೊಕ್ಕಸದ್ದೇ. ಆದರೂ ಶೇಕಡಾ 59.1 ಮಂದಿ ಬೇಕೆಂದರು.

ಎರಡು ವರ್ಷದಲ್ಲಿ ಜನರ ಸ್ವಭಾವ ಬದಲಾಗುವುದಿಲ್ಲ. ಬದಲಾದದ್ದು ಕೇಳಿದ ರೀತಿ. ಮೊದಲನೆಯದು ಯಾರ ಜೇಬಿಗೆ ಕೈ ಹಾಕುತ್ತದೆಂಬುದು ಎಲ್ಲರಿಗೂ ಕಂಡಿತು, ಆ ಹಣ ಏನಾಗುತ್ತದೆಂಬುದು ಕಾಣಲಿಲ್ಲ. ಎರಡನೆಯದರಲ್ಲಿ ಹಣ ಎಲ್ಲಿಗೆ ಹೋಗುತ್ತದೆಂಬುದು ಮೊದಲೇ ಕಂಡಿತು.

ಅದೇ ದೇಶದ ಬ್ಲಾಟೆನ್ ಎಂಬ ಬೆಟ್ಟದ ಹಳ್ಳಿಯನ್ನು 2025ರ ಮೇ 28ರಂದು ಹಿಮನದಿ ಮತ್ತು ಬಂಡೆಗಳ ಕುಸಿತ ಬಹುಪಾಲು ಹೂತುಹಾಕಿತು. ಬೆಟ್ಟದ ಚಲನೆಯನ್ನು ಯಂತ್ರಗಳಿಂದ ಗಮನಿಸುತ್ತಿದ್ದವರು ಒಂಬತ್ತು ದಿನ ಮೊದಲೇ ಸುಮಾರು 300 ಜನರನ್ನೂ ದನಕರುಗಳನ್ನೂ ಊರಿಂದ ಇಳಿಸಿದ್ದರು. ಮನೆಗಳು ಹೋದವು, ಆದರೆ ಊರಿನ ಜನ ಬಹುತೇಕ ಎಲ್ಲರೂ ಉಳಿದರು. ಮುಂಚಿತವಾಗಿ ಹಾಕಿದ ಹಣದ ಫಲ ಇಂಥದು.

ಗಲ್ಲಾಪೆಟ್ಟಿಗೆಯ ಕಥೆ

ನಮ್ಮ ದೇಶದಲ್ಲಿಯೂ ಇಂಥ ಹಣ ಕೂಡಿದ್ದುಂಟು. 2010ರ ಜುಲೈಯಿಂದ ಕೇಂದ್ರ ಸರ್ಕಾರ ಕಲ್ಲಿದ್ದಲಿನ ಮೇಲೆ ಟನ್ನಿಗೆ 50 ರೂಪಾಯಿ ಸೆಸ್ ವಿಧಿಸಿತು. 2016ರ ವೇಳೆಗೆ ಅದು 400 ರೂಪಾಯಿಗೆ ಏರಿತು. ಸೌರ, ಪವನ ಮೊದಲಾದ ಶುದ್ಧ ವಿದ್ಯುತ್ತಿಗಾಗಿ ರಾಷ್ಟ್ರೀಯ ನಿಧಿಯೊಂದನ್ನು ಕಟ್ಟುವುದು ಅದರ ಉದ್ದೇಶ. ಕಲ್ಲಿದ್ದಲಿನ ಕರೆಂಟು ಉರಿಸುವ ಪ್ರತಿ ಮನೆಯೂ ತನಗೆ ತಿಳಿಯದೆಯೇ ಇದಕ್ಕೆ ಪಾಲು ಕೊಟ್ಟಿದೆ.

2017-18ರ ವರೆಗೆ ಈ ಬಾಬಿನಲ್ಲಿ ವಸೂಲಾದದ್ದು ಸುಮಾರು 86 ಸಾವಿರ ಕೋಟಿ ರೂಪಾಯಿ. ನಿಧಿಗೆ ವರ್ಗವಾದದ್ದು ಅದರ ಮೂರನೆಯ ಒಂದು ಪಾಲಿನಷ್ಟು. ನಿಧಿಯಿಂದ ಯೋಜನೆಗಳಿಗೆ ಹೋದದ್ದು ಇನ್ನೂ ಕಡಿಮೆ. 2017ರಲ್ಲಿ ಜಿ.ಎಸ್.ಟಿ. ಬಂದಾಗ ಸೆಸ್ಸಿನ ಜಾಗಕ್ಕೆ ರಾಜ್ಯಗಳ ತೆರಿಗೆ ನಷ್ಟ ತುಂಬಿಕೊಡುವ ಪರಿಹಾರ ಸೆಸ್ ಬಂದಿತು. 2025ರ ಸೆಪ್ಟೆಂಬರಿನಲ್ಲಿ ಅದೂ ರದ್ದಾಗಿ, ಕಲ್ಲಿದ್ದಲಿನ ಜಿ.ಎಸ್.ಟಿ. ಶೇಕಡಾ 5ರಿಂದ 18ಕ್ಕೆ ಏರಿತು. ರಾಜ್ಯಗಳ ನಷ್ಟ ತುಂಬುವುದು ತಪ್ಪು ಕೆಲಸವೆಂದು ನಾವು ಹೇಳುತ್ತಿಲ್ಲ. ಆದರೆ ಒಂದು ಕೆಲಸದ ಹೆಸರಿನಲ್ಲಿ ಕೂಡಿದ ಹಣ ಇನ್ನೊಂದಕ್ಕೆ ಹೋದರೆ, ಮುಂದಿನ ಸಲ ಕೇಳುವಾಗ ಕೊಡುವ ಕೈ ಹಿಂದೆ ಸರಿಯುತ್ತದೆ. ದೇವಸ್ಥಾನದ ಜೀರ್ಣೋದ್ಧಾರಕ್ಕೆಂದು ಎತ್ತಿದ ಚಂದಾದಲ್ಲಿ ಪಂಚಾಯಿತಿ ಕಟ್ಟಡಕ್ಕೆ ಸುಣ್ಣ ಹೊಡೆಸಿದರೆ, ಸುಣ್ಣ ಎಷ್ಟೇ ಬೆಳ್ಳಗಿದ್ದರೂ ಊರು ಒಪ್ಪುವುದಿಲ್ಲ.

ಬಿದ್ದ ಮೇಲೆ ಕೊಡುವುದು, ಬೀಳುವ ಮೊದಲು ಕೊಡುವುದು

2018ರಲ್ಲಿ ಕೊಡಗಿಗೆ ನಾಡಿನ ಮೂಲೆಮೂಲೆಯಿಂದ ಅಕ್ಕಿ, ಕಂಬಳಿ, ಬಟ್ಟೆ, ಔಷಧಿ ಲಾರಿಗಟ್ಟಲೆ ಬಂದವು. ಯಾರೂ ಸೆಸ್ ವಿಧಿಸಿರಲಿಲ್ಲ, ನೋಟೀಸು ಕೊಟ್ಟಿರಲಿಲ್ಲ. ಕಣ್ಣೆದುರಿನ ಕಷ್ಟಕ್ಕೆ ನಮ್ಮ ಜನ ಎಂದೂ ಕೈ ಬಿಗಿಹಿಡಿದವರಲ್ಲ. ಅದೇ ಗುಡ್ಡದ ನೀರು ಹರಿದು ಹೋಗಲು ಚರಂಡಿ ತೆಗೆಯಬೇಕು, ಚಂದಾ ಕೊಡಿ ಎಂದು 2017ರಲ್ಲಿ ಯಾರಾದರೂ ಹೊರಟಿದ್ದರೆ ಎಷ್ಟು ಕೂಡುತ್ತಿತ್ತು? ಮನೆಗೆ ಬೆಂಕಿ ಬಿದ್ದಾಗ ಬಾವಿ ತೋಡುವುದು ನಮ್ಮ ಊರಿನ ದೋಷ ಮಾತ್ರವಲ್ಲ, ಲೋಕದ ಎಲ್ಲ ಸರ್ಕಾರಗಳ ದೋಷ.

ಬಿದ್ದ ಮೇಲಿನ ಪರಿಹಾರ ನಮ್ಮ ಬೆಳೆಗಳಿಗೆ ಎಷ್ಟು ಸಾಲುತ್ತದೆಂಬುದನ್ನೂ ನೋಡಬೇಕು. 2022ರಿಂದ 2026ರ ಅವಧಿಗೆ ಕೇಂದ್ರ ಸರ್ಕಾರ ಗೊತ್ತುಪಡಿಸಿದ ವಿಪತ್ತು ನಿಧಿಯ ನಿಯಮದಂತೆ, ಬಹುವಾರ್ಷಿಕ ಬೆಳೆ ಶೇಕಡಾ 33 ಅಥವಾ ಅದಕ್ಕಿಂತ ಹೆಚ್ಚು ನಷ್ಟವಾದರೆ ಹೆಕ್ಟೇರಿಗೆ 22,500 ರೂಪಾಯಿ, ಅದೂ ಎರಡು ಹೆಕ್ಟೇರಿಗೆ ಮೀರದಂತೆ. ಎಕರೆಗೆ ಲೆಕ್ಕ ಹಾಕಿದರೆ ಸುಮಾರು 9 ಸಾವಿರ. ಭತ್ತದ ಗದ್ದೆ ಹೋದರೆ ಮುಂದಿನ ವರ್ಷ ಮತ್ತೆ ನಾಟಿ ಮಾಡಬಹುದು. ಅಡಿಕೆ ಮರ ಹೋದರೆ ಹೊಸ ಸಸಿ ಫಸಲಿಗೆ ಬರಲು ಐದರಿಂದ ಏಳು ವರ್ಷ ಬೇಕು. ಧರೆಯೇ ಜಾರಿದರೆ ನೆಡಲು ಮಣ್ಣೇ ಉಳಿದಿರುವುದಿಲ್ಲ.

2023ರ ಬರಕ್ಕೆ ರಾಷ್ಟ್ರೀಯ ವಿಪತ್ತು ನಿಧಿಯಿಂದ ನಮ್ಮ ರಾಜ್ಯ ಕೇಳಿದ್ದು 18,171 ಕೋಟಿ ರೂಪಾಯಿ. ವಿಷಯ ಸರ್ವೋಚ್ಚ ನ್ಯಾಯಾಲಯದ ಮೆಟ್ಟಿಲೇರಿದ ನಂತರ, 2024ರ ಏಪ್ರಿಲಿನಲ್ಲಿ ಬಿಡುಗಡೆಯಾದದ್ದು ಸುಮಾರು 3,454 ಕೋಟಿ. ಯಾರದು ಸರಿ, ಯಾರದು ತಪ್ಪು ಎಂಬ ರಾಜಕೀಯ ನಮ್ಮ ಪತ್ರಿಕೆಯ ಕೆಲಸವಲ್ಲ. ಮುಂಗಾರು ಕೈಕೊಟ್ಟದ್ದು ಜೂನಿನಲ್ಲಿ, ಹಣ ಬಂದದ್ದು ಮುಂದಿನ ಬೇಸಿಗೆಯಲ್ಲಿ ಎಂಬುದಷ್ಟೇ ನಾವು ಗಮನಿಸಬೇಕಾದದ್ದು.

ನಾವು ಮಾಡದ ಸಾಲ, ನಾವೇಕೆ ತೀರಿಸಬೇಕು?

ಈ ಪ್ರಶ್ನೆ ಸದಸ್ಯರಿಂದ ಖಂಡಿತ ಬರುತ್ತದೆ, ಬರಬೇಕಾದದ್ದೂ ನ್ಯಾಯವೇ. ವರ್ಷಕ್ಕೆ ಭಾರತೀಯನೊಬ್ಬನ ಲೆಕ್ಕದಲ್ಲಿ ಆಕಾಶಕ್ಕೆ ಏರುವ ಇಂಗಾಲಾಮ್ಲ ಸುಮಾರು 2 ಟನ್. ಅಮೆರಿಕದವನ ಲೆಕ್ಕದಲ್ಲಿ ಸುಮಾರು 14 ಟನ್. ನೆರಳಿನ ಮರಗಳಡಿ ಕಾಫಿ ಬೆಳೆಯುವ ನಾವಂತೂ ಇಂಗಾಲವನ್ನು ಮರದಲ್ಲಿ, ಮಣ್ಣಿನಲ್ಲಿ ಹಿಡಿದಿಡುವವರು.

ಶ್ರೀಮಂತ ದೇಶಗಳು ಈ ಸಾಲವನ್ನು ಒಪ್ಪಿಕೊಂಡಿಲ್ಲವೆಂದಲ್ಲ. 2020ರ ವೇಳೆಗೆ ವರ್ಷಕ್ಕೆ 10 ಸಾವಿರ ಕೋಟಿ ಡಾಲರು ಕೂಡಿಸಿ ಬಡ ದೇಶಗಳಿಗೆ ಕೊಡುವುದಾಗಿ 2009ರಲ್ಲಿ ಕೋಪನ್‌ಹೇಗನ್ನಿನಲ್ಲಿ ಮಾತು ಕೊಟ್ಟವು. ಆ ಮೊತ್ತ ಮುಟ್ಟಿದ್ದು ಎರಡು ವರ್ಷ ತಡವಾಗಿ, 2022ರಲ್ಲಿ. ಅದರಲ್ಲಿಯೂ ಸರ್ಕಾರಿ ಹಣದ ಮೂರರಲ್ಲಿ ಎರಡು ಪಾಲು ತೀರಿಸಬೇಕಾದ ಸಾಲವೇ. 2024ರಲ್ಲಿ ಬಾಕುವಿನಲ್ಲಿ ಈ ಗುರಿಯನ್ನು 2035ರ ವೇಳೆಗೆ ವರ್ಷಕ್ಕೆ 30 ಸಾವಿರ ಕೋಟಿ ಡಾಲರಿಗೆ ಏರಿಸಿದಾಗ, ಇದು ಏನೇನೂ ಸಾಲದೆಂದು ಭಾರತ ಸಭೆಯಲ್ಲಿಯೇ ಆಕ್ಷೇಪಿಸಿತು. ಪ್ರಕೃತಿ ವಿಕೋಪದಿಂದ ಆದ ನಷ್ಟಕ್ಕೆಂದೇ ಒಂದು ನಿಧಿ 2022ರಲ್ಲಿ ಒಪ್ಪಿತವಾಗಿ 2023ರಲ್ಲಿ ಕಾರ್ಯರೂಪಕ್ಕೆ ಬಂದಿತು. ಅದರ ಮೊದಲ ವರ್ಷದಲ್ಲಿ ಇಡೀ ಜಗತ್ತಿನಿಂದ ಬಂದ ವಾಗ್ದಾನ 100 ಕೋಟಿ ಡಾಲರನ್ನೂ ಮುಟ್ಟಲಿಲ್ಲ.

ಹಾಗೆಂದು ದೇಶಗಳು ಕೂಡಿ ಎಂದೂ ಹಣ ಹಾಕಿಲ್ಲವೆಂದು ನಿರಾಶರಾಗಬೇಕಿಲ್ಲ. ಓಜೋನ್ ಪದರ ತೂತಾಗುತ್ತಿದೆಯೆಂದು ತಿಳಿದಾಗ 1987ರಲ್ಲಿ ಮಾಂಟ್ರಿಯಲ್ ಒಪ್ಪಂದ ಆಯಿತು. 1990ರಲ್ಲಿ ಲಂಡನ್ನಿನಲ್ಲಿ ಅದಕ್ಕೊಂದು ನಿಧಿ ಏರ್ಪಟ್ಟು, ಫ್ರಿಜ್ಜಿನ ಹಳೆಯ ಅನಿಲ ಬಿಡಲು ಬಡ ದೇಶಗಳಿಗೆ ತಗಲುವ ಹೆಚ್ಚಿನ ಖರ್ಚನ್ನು ಶ್ರೀಮಂತ ದೇಶಗಳು ಕೊಟ್ಟವು. 1992ರಲ್ಲಿ ಭಾರತವೂ ಸೇರಿತು. ಇಂದು ಓಜೋನ್ ಪದರ ಚೇತರಿಸಿಕೊಳ್ಳುತ್ತಿದೆ. ಅಲ್ಲಿ ಬಿಡಬೇಕಾದ ವಸ್ತುಗಳ ಪಟ್ಟಿ ಸೀಮಿತವಾಗಿತ್ತು, ಬದಲಿ ವಸ್ತು ಕೈಯಲ್ಲಿತ್ತು, ಯಾರು ಯಾವುದಕ್ಕೆ ಕೊಡಬೇಕೆಂಬುದು ಸ್ಪಷ್ಟವಿತ್ತು. ಕಲ್ಲಿದ್ದಲು, ಎಣ್ಣೆ ಅಷ್ಟು ಸುಲಭದಲ್ಲಿ ಬಿಡುವಂಥವಲ್ಲ.

ಆದುದರಿಂದ ಇಲ್ಲಿ ಎರಡು ಖಾತೆಗಳನ್ನು ಬೇರೆಬೇರೆಯಾಗಿ ಬರೆಯಬೇಕೆಂದು ನಮ್ಮ ಅಭಿಪ್ರಾಯ. ಆಕಾಶವನ್ನು ಕೆಡಿಸಿದವರಿಂದ ಬರಬೇಕಾದ ಬಾಕಿ ಒಂದು ಖಾತೆ. ಅದನ್ನು ಕೇಳುವ ಹಕ್ಕನ್ನು ನಾವು ಬಿಡಬಾರದು. ನಮ್ಮ ತೋಟದ ಬಸಿಗಾಲುವೆ ಇನ್ನೊಂದು ಖಾತೆ. ಬಾಕಿ ವಸೂಲಾಗುವವರೆಗೆ ಮಳೆ ಕಾಯುವುದಿಲ್ಲ.

ಕಟ್ಟ ನಿಂತದ್ದು ಹೇಗೆ?

ಘಟ್ಟದ ಕೆಳಗಿನ ಅಡಿಕೆ ಸೀಮೆಯಲ್ಲಿ ಮಳೆಗಾಲ ಮುಗಿದ ಮೇಲೆ ತೋಡು, ಹೊಳೆಗಳಿಗೆ ಕಲ್ಲು ಮಣ್ಣಿನ 'ಕಟ್ಟ' ಹಾಕುವ ಪದ್ಧತಿ ತಲೆಮಾರುಗಳಿಂದ ಇದೆ. ಮುಂದಿನ ಮಳೆಗೆ ಕೊಚ್ಚಿಹೋಗುವುದೆಂದು ಗೊತ್ತಿದ್ದೂ ವರ್ಷವರ್ಷ ಕಟ್ಟುತ್ತಿದ್ದರು. ನೀರು ಸಿಗುವ ತೋಟಗಳವರು ಹಿಡುವಳಿಗೆ ತಕ್ಕಂತೆ ಆಳು ಕೊಡುತ್ತಿದ್ದರು. ಬಂದವನಾರು, ಬಾರದವನಾರು ಎಂಬುದು ಎಲ್ಲರ ಕಣ್ಣಿಗೆ ಕಾಣುತ್ತಿತ್ತು. ಕೆಲಸ ಮುಗಿದ ಕೆಲವು ದಿನಗಳಲ್ಲೇ ನೀರು ನಿಂತು ಎಲ್ಲರ ಬಾವಿಗೂ ಒರತೆ ಬರುತ್ತಿತ್ತು. ಹೆಗಲಿಗೆ ತಕ್ಕ ಹೊರೆ, ಕಣ್ಣಿಗೆ ಕಾಣುವ ಲೆಕ್ಕ, ಕೈಗೆ ಸಿಗುವ ಫಲ ಎಂಬ ಮೂರು ಇದ್ದುದರಿಂದ ಕಟ್ಟ ನಿಂತಿತು. ಕೊಳವೆಬಾವಿ ಬಂದು ಪ್ರತಿಯೊಬ್ಬನೂ ತನ್ನ ತೂತನ್ನು ತಾನೇ ಕೊರೆದುಕೊಂಡ ಮೇಲೆ ಎಷ್ಟೋ ಕಡೆ ಕಟ್ಟ ಬಿಟ್ಟುಹೋಯಿತು. ನೀರಿನ ಮಟ್ಟ ಇಳಿದ ಮೇಲೆ ಕೆಲವು ಊರುಗಳವರು ಮತ್ತೆ ಕಟ್ಟಕ್ಕೆ ಮರಳಿದ್ದಾರೆ.

ಅಡಿಕೆ ಧಾರಣೆ ಕುಸಿದು ಬೆಳೆಗಾರ ಕಂಗಾಲಾಗಿದ್ದಾಗ, 1973ರಲ್ಲಿ ಕರ್ನಾಟಕ ಮತ್ತು ಕೇರಳದ ಬೆಳೆಗಾರರು ಪಾಲು ಹಣ ಹಾಕಿ ಮಂಗಳೂರಿನಲ್ಲಿ ಕ್ಯಾಂಪ್ಕೋ ಕಟ್ಟಿದ್ದೂ ಇದೇ ಮನೋಧರ್ಮದಿಂದ. ಸ್ವಿಟ್ಜರ್ಲೆಂಡಿನ ಮತದಾರ, ನಮ್ಮ ಕಟ್ಟದ ಆಳು, ಕ್ಯಾಂಪ್ಕೋದ ಮೊದಲ ಸದಸ್ಯ, ಇವರೆಲ್ಲ ಕೇಳಿದ ಪ್ರಶ್ನೆಗಳು ಒಂದೇ. ಉಳಿದವರೂ ಕೊಡುತ್ತಾರೆಯೇ? ದೊಡ್ಡವನು ದೊಡ್ಡ ಪಾಲು ಕೊಡುತ್ತಾನೆಯೇ? ಹಣ ಎಲ್ಲಿ ಹೋಯಿತೆಂದು ನನಗೆ ತಿಳಿಯುತ್ತದೆಯೇ? ಈ ಮೂರಕ್ಕೂ ಹೌದೆಂಬ ಉತ್ತರ ಸಿಕ್ಕಲ್ಲಿ ಜನ ಹಿಂದೆಗೆದದ್ದು ಕಡಿಮೆ.

ಮಹಾಸಭೆಯ ಮುಂದಿರುವ ಪ್ರಸ್ತಾಪ

ಆಡಳಿತ ಮಂಡಳಿಯು 'ಹವಾಮಾನ ಮುಂಜಾಗ್ರತಾ ನಿಧಿ'ಯೊಂದನ್ನು ಸ್ಥಾಪಿಸುವ ಪ್ರಸ್ತಾಪವನ್ನು ಮುಂಬರುವ ವಾರ್ಷಿಕ ಮಹಾಸಭೆಯಲ್ಲಿ ಇಡಲಿದೆ. ಮೇಲಿನ ಮೂರು ಪ್ರಶ್ನೆಗಳನ್ನು ಮುಂದಿಟ್ಟುಕೊಂಡೇ ಅದನ್ನು ರೂಪಿಸಲಾಗಿದೆ.

ಒಂದನೆಯದಾಗಿ, ಸಂಘದ ಮೂಲಕ ಮಾರಿದ ಕಾಫಿ, ಅಡಿಕೆ, ಮೆಣಸಿನ ಹಣದಲ್ಲಿ ಸಾವಿರಕ್ಕೆ ಒಂದು ರೂಪಾಯಿ ನಿಧಿಗೆ ಸೇರುವುದು. ಒಂದು ಲಕ್ಷದ ಮಾಲು ಹಾಕಿದವರಿಗೆ ನೂರು ರೂಪಾಯಿ, ಇಪ್ಪತ್ತು ಲಕ್ಷದವರಿಗೆ ಎರಡು ಸಾವಿರ. ಧಾರಣೆ ಬಿದ್ದ ವರ್ಷ, ಫಸಲು ಹೋದ ವರ್ಷ ಪಾಲೂ ತಾನಾಗಿ ಇಳಿಯುತ್ತದೆ.

ಎರಡನೆಯದಾಗಿ, ಈ ಹಣ ನಾಲ್ಕೇ ಬಾಬುಗಳಿಗೆ ಮೀಸಲು: ಊರುವಾರು ಮಳೆಮಾಪಕ ಮತ್ತು ಅದರ ದಾಖಲೆ; ಹಲವು ತೋಟಗಳ ನೀರು ಹೊರುವ ಸಾಮಾನ್ಯ ಚರಂಡಿ ಮತ್ತು ಕಟ್ಟಗಳು; ಕೊಳೆರೋಗದ ಕಾಲದಲ್ಲಿ ಸರದಿಯಂತೆ ಬಳಸಲು ಸಿಂಪಡಣೆಯ ದೋಟಿ, ಪಂಪುಗಳು; ಧರೆ ಜಾರಿದ ಸಣ್ಣ ಹಿಡುವಳಿದಾರರಿಗೆ ಸರ್ಕಾರದ ಪರಿಹಾರ ಬರುವವರೆಗೆ ಬಡ್ಡಿಯಿಲ್ಲದ ಕೈಗಡ. ಬೇರೆ ಯಾವ ಬಾಬಿಗೆ ವರ್ಗಾಯಿಸಬೇಕಾದರೂ ಮಹಾಸಭೆಯ ಒಪ್ಪಿಗೆ ಬೇಕು. ಜಮಾ ಖರ್ಚಿನ ಪಟ್ಟಿಯನ್ನು ಪ್ರತಿ ತಿಂಗಳು ಕಛೇರಿಯ ಮತ್ತು ಡಿಪೋಗಳ ಫಲಕದಲ್ಲಿ ಹಚ್ಚಲಾಗುವುದು.

ಮೂರನೆಯದಾಗಿ, ಸದಸ್ಯರಲ್ಲಿ ಮೂರನೆಯ ಎರಡು ಭಾಗದಷ್ಟು ಜನರ ಲಿಖಿತ ಒಪ್ಪಿಗೆ ಬರುವವರೆಗೆ ಯಾರಿಂದಲೂ ಒಂದು ಪೈಸೆ ಕಡಿತ ಮಾಡುವುದಿಲ್ಲ. ಎಷ್ಟು ಒಪ್ಪಿಗೆ ಪತ್ರಗಳು ಬಂದಿವೆ ಎಂಬ ಸಂಖ್ಯೆಯನ್ನು ಪ್ರತಿ ಸೋಮವಾರ ಫಲಕದಲ್ಲಿ ಬರೆಯಲಾಗುವುದು. ನೆರೆಯವನು ಕೊಡುತ್ತಾನೋ ಇಲ್ಲವೋ ಎಂದು ಕತ್ತಲಲ್ಲಿ ಎಣಿಸುತ್ತ ಕೂರುವ ಅಗತ್ಯ ಯಾರಿಗೂ ಬಾರದಿರಲಿ ಎಂಬುದೇ ಇದರ ಉದ್ದೇಶ.

ಈ ನಿಧಿಯಿಂದ ಮಳೆಯ ಗುಣ ತಿರುಗದು. ಹತ್ತು ಕೋಟಿ ರೂಪಾಯಿಯ ವಹಿವಾಟಿಗೆ ಕೂಡುವುದು ಒಂದೇ ಲಕ್ಷ. ಇಷ್ಟರಲ್ಲಿ ಗುಡ್ಡ ಹಿಡಿದು ನಿಲ್ಲಿಸಲಾಗದು, ಚರಂಡಿ ಬಿಡಿಸಬಹುದು. ಊರಿನ ಮಳೆ ಎಷ್ಟೆಂದು ನಮ್ಮದೇ ಪುಸ್ತಕದಲ್ಲಿ ದಾಖಲೆ ಇದ್ದರೆ ವಿಮೆಯವರ ಮುಂದೆ, ಅಧಿಕಾರಿಗಳ ಮುಂದೆ ನಮ್ಮ ಮಾತಿಗೆ ತೂಕ ಬರುತ್ತದೆ. ತಮ್ಮ ಪಾಲನ್ನು ತಾವು ಹಾಕಿ ಲೆಕ್ಕ ಇಟ್ಟವರು ಸರ್ಕಾರದಿಂದ ಬರಬೇಕಾದ ಪಾಲನ್ನೂ ಗಟ್ಟಿಯಾಗಿ ಕೇಳಬಲ್ಲರು.

ಹತ್ತು ಜನರ ಹುಲ್ಲುಕಡ್ಡಿ ಒಬ್ಬನಿಗೆ ಹೊರೆ ಎಂಬ ಗಾದೆ ಎಲ್ಲರಿಗೂ ತಿಳಿದದ್ದೇ. ಒಪ್ಪಿಗೆ ಪತ್ರಗಳು ಸಂಘದ ಕಛೇರಿಯಲ್ಲಿ ಹಾಗೂ ಎಲ್ಲ ಡಿಪೋಗಳಲ್ಲಿ ದೊರೆಯುತ್ತವೆ. ಒಪ್ಪದಿರುವವರು ಕಾರಣವನ್ನು ಅದೇ ಪತ್ರದ ಹಿಂಬದಿಯಲ್ಲಿ ಬರೆದು ಕೊಡಬೇಕೆಂದು ವಿನಂತಿ. ಅವುಗಳನ್ನೂ ಮಹಾಸಭೆಯಲ್ಲಿ ಓದಲಾಗುವುದು.

ಕಾರ್ಯದರ್ಶಿ